ಸಾವಿನ ಮನೆಗೆ ಬಾರದ ಅಭ್ಯರ್ಥಿ

ನನ್ನ ಸೋದರಮಾವ ಸೈನ್ಯದಲ್ಲಿ ಜನರಲ್ ಆಗಿದ್ದರು. ಇದನ್ನು ಹೇಳಿದ ಕೂಡಲೇ ಎದುರಿನವರು ಒಮ್ಮೆ ನನ್ನ ಬೆನ್ನಿನ ಕಡೆ ನೋಡುತ್ತಾರೆ, ನೆಟ್ಟಗಿದೆಯೋ ಎಂದು. ಇಲ್ಲ. ಮೂಡುಬಿದಿರೆಯಿಂದ ಮಿಜಾರಿಗೆ ದಿನವೂ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಕನ್ನಡ ಬೇಡವಾದ ಹುಡುಗರಿಗೆ ಕನ್ನಡ ಪಾಠ ಹೇಳಿ ಬರುವ ಹೆಂಗಸಿನ ಬೆನ್ನು ಹೇಗಿರುತ್ತದೋ ಹಾಗೆಯೇ ಇದೆ. ಮಾವನ ಶಿಸ್ತು ನಮ್ಮ ಕುಟುಂಬದಲ್ಲಿ ಇನ್ನೊಬ್ಬರಿಗೆ ಅಂಟಲಿಲ್ಲ. ಅವರು ಚುನಾವಣೆಗೆ ನಿಂತಾಗ ಅವರ ಭಾಷಣ ಬರೆದವಳು ನಾನು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವರ ಜೊತೆ ಊರೂರು ಸುತ್ತಿದವಳೂ ನಾನು. ಆದ್ದರಿಂದ ಅವರು ಯಾಕೆ ಸೋತರು ಎಂದು ಎಲ್ಲ ಬಲ್ಲವರಂತೆ ಮಾತಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನನ್ನ ಬಾಲ್ಯದಲ್ಲಿ ಮಾವ ಎಂದರೆ ಗೋಡೆಯ ಮೇಲಿನ ಒಂದು ಫೋಟೋ ಮತ್ತು ರಜೆಯಲ್ಲಿ ಅವರ ಹಿಂದೆ ಬರುವ ಒಂದು ಕಬ್ಬಿಣದ ಟ್ರಂಕು. ಟ್ರಂಕಿನಲ್ಲಿ ಅಕ್ರೋಟು ಇರುತ್ತಿತ್ತು, ಉಣ್ಣೆಯ ಸ್ವೆಟರು ಇರುತ್ತಿತ್ತು. ಬಂಟ್ವಾಳದ ಸೆಕೆಯಲ್ಲಿ ಸ್ವೆಟರು ಹಾಕಿಕೊಂಡು ಶಾಲೆಗೆ ಹೋದವಳು ನಾನೊಬ್ಬಳೇ ಇರಬೇಕು. ಅವರಿಗೆ ಬಡ್ತಿ ಸಿಕ್ಕಿದ ಸುದ್ದಿ ಬಂದಾಗಲೆಲ್ಲ ಅಮ್ಮ ಮೊದಲು ಚಾವಡಿಗೆ ಹೋಗಿ ದೀಪ ಹಚ್ಚಿ ದೈವಕ್ಕೆ ಹೇಳುತ್ತಿದ್ದಳು, ಆಮೇಲೆ ನಮಗೆ. ಮೇಜರ್ ದೊಡ್ಡವನೋ ಕರ್ನಲ್ ದೊಡ್ಡವನೋ ಎಂದು ಅವಳಿಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಆದರೆ ಪ್ರತಿ ಬಡ್ತಿಗೂ ಅವಳ ಮುಖ ಒಂದಿಷ್ಟು ಸಣ್ಣದಾಗುತ್ತಿತ್ತು. ತಮ್ಮ ಇನ್ನಷ್ಟು ವರ್ಷ ಅಲ್ಲೇ ಉಳಿಯುತ್ತಾನೆ ಎನ್ನುವುದು ಮಾತ್ರ ಅವಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಅವಳಿಗೆ ತಮ್ಮ ಬೇಕಾಗಿದ್ದುದು ಪ್ರೀತಿಗೆ ಮಾತ್ರವಲ್ಲ. ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಒಂದು ಗುತ್ತಿನ ಮನೆ. ಊರಿನ ದೈವದ ನೇಮ, ಅಂದರೆ ದೈವ ಪಾತ್ರಿಯ ಮೈಮೇಲೆ ಬಂದು ಮಾತಾಡುವ ಕೋಲ, ನಡೆಸುವ ಹೊಣೆ ಈ ಮನೆಯದು. ನಮ್ಮಲ್ಲಿ ಯಜಮಾನಿಕೆ ತಂದೆಯಿಂದ ಮಗನಿಗೆ ಹೋಗುವುದಿಲ್ಲ, ಮಾವನಿಂದ ಸೋದರಳಿಯನಿಗೆ ಹೋಗುತ್ತದೆ. ಅಮ್ಮನ ಸೋದರಮಾವ ತೀರಿಕೊಂಡ ಮೇಲೆ ಪಟ್ಟಕ್ಕೆ ಕೂರಬೇಕಾದವನು ಅವಳ ತಮ್ಮ. ಅವನೋ ಹಿಮದ ಗುಡ್ಡದ ಮೇಲೆ. ಹೀಗಾಗಿ ವರ್ಷಗಟ್ಟಲೆ ಪಟ್ಟ ಖಾಲಿ ಉಳಿಯಿತು. ಪ್ರತಿ ನೇಮದಲ್ಲೂ ದೈವ ಎಲ್ಲ ಮನೆಗಳ ಯಜಮಾನರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿ, ಕೊನೆಗೆ ನಮ್ಮ ಕಡೆ ತಿರುಗಿ, ನನ್ನ ಪಟ್ಟದವನು ಎಲ್ಲಿ ಎಂದು ಕೇಳುತ್ತಿತ್ತು. ಊರಿಡೀ ಕಿವಿಗೊಟ್ಟು ನಿಂತಿರುವಾಗ ಅಮ್ಮ ತಲೆ ತಗ್ಗಿಸಿ, ಬರುತ್ತಾನೆ ಎನ್ನುತ್ತಿದ್ದಳು. ನನಗೆ ಅಣ್ಣತಮ್ಮಂದಿರಿಲ್ಲ. ಮಾವನನ್ನು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬನಿರಲಿಲ್ಲ. ತಾನು ಕಣ್ಣು ಮುಚ್ಚುವ ಮೊದಲು ಆ ಪಟ್ಟ ತುಂಬಬೇಕು, ತುಂಬಿದ್ದು ಮತ್ತೆ ಖಾಲಿಯಾಗಬಾರದು. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದುದು ಇದೊಂದೇ.

ಮಾವ ನಿವೃತ್ತರಾಗಿ ಬಂದರು. ಅತ್ತೆ ಅದಕ್ಕೆ ಕೆಲವು ವರ್ಷ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಂದವರ ತುಳು ಕೇಳಿ ಊರಿನ ಮುದುಕರಿಗೆ ಖುಷಿಯೋ ಖುಷಿ. ಹದಿಹರೆಯದಲ್ಲಿ ಮನೆ ಬಿಟ್ಟವರಲ್ಲವೇ, ಅವರ ತುಳು ಅಲ್ಲಿಗೇ ನಿಂತಿತ್ತು. ಬಿಳಿ ಮೀಸೆಯ ಗಂಡಸು ಶಾಲೆಯ ಹುಡುಗನ ಮಾತು ಆಡುತ್ತಿದ್ದರು. ಕನ್ನಡವಂತೂ ಪಾಠಪುಸ್ತಕದ್ದು. ಹೋಟೆಲಿನಲ್ಲಿ, ದಯವಿಟ್ಟು ಒಂದು ಲೋಟ ನೀರನ್ನು ಕೊಡಿ ಎಂದರೆ ಕೊಡುವವನು ಗಾಬರಿಯಾಗುತ್ತಿದ್ದ. ಆ ವರ್ಷವೇ ಅವರನ್ನು ಪಟ್ಟಕ್ಕೆ ಕೂರಿಸಿದರು. ಬಿಳಿ ಪಂಚೆ ಉಟ್ಟು, ಹೆಗಲಿಗೆ ಬಿಳಿ ಶಾಲು ಹಾಕಿ, ಅವರು ಚಾವಡಿಯ ಮಣೆಯ ಮೇಲೆ ಕೂತದ್ದನ್ನು ನೋಡಿ ಅಮ್ಮ ಅಡಿಗೆಮನೆಗೆ ಹೋಗಿ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಪಟ್ಟಕ್ಕೆ ಕೂತವನಿಗೆ ಕೆಲವು ಕಟ್ಟುಗಳಿವೆ. ಬೇರೆ ಗುತ್ತುಗಳಲ್ಲಿ ಬೇರೆ ಇರಬಹುದು, ನಮ್ಮಲ್ಲಿ ಇರುವುದು ಹೀಗೆ: ಅವನು ಸಾವಿನ ಮನೆಗೆ ಹೋಗುವಂತಿಲ್ಲ, ಹೆಣ ನೋಡುವಂತಿಲ್ಲ, ಹೆಣ ಮುಟ್ಟಿದವರನ್ನು ಅವರು ಶುದ್ಧವಾಗುವವರೆಗೆ ಮುಟ್ಟುವಂತಿಲ್ಲ. ಯಾರದೇ ಸೂತಕ ಅವನಿಗೆ ತಾಗುವುದಿಲ್ಲ, ಸ್ವಂತ ಮನೆಯದ್ದಾದರೂ. ಮನೆಯಲ್ಲೇ ಯಾರಾದರೂ ಕೊನೆಯುಸಿರು ಎಳೆಯುತ್ತಿದ್ದರೆ ಅವನು ಎದ್ದು ಅಂಗಳ ದಾಟಿ ಹೋಗಬೇಕು. ನಾನು ಇದನ್ನು ಕೇಳಿ, ಸೈನ್ಯದವರಿಗೆ ಇದೆಂತಹ ಕಟ್ಟು ಎಂದು ನಕ್ಕೆ. ಮಾವ ನಗಲಿಲ್ಲ. "ಆದೇಶ ಅಲ್ಲವಾ, ಪಾಲಿಸಿದರೆ ಆಯಿತು" ಎಂದರು.

ಮೊದಲೆರಡು ವರ್ಷ ಅವರು ಮುಖ್ಯ ಅತಿಥಿಯಾಗಿದ್ದರು. ಅದೊಂದು ಉದ್ಯೋಗವೇ. ಉಜಿರೆಯಲ್ಲಿ ಕಾಲೇಜು ದಿನಾಚರಣೆ, ಬೆಳ್ತಂಗಡಿಯಲ್ಲಿ ಕ್ರೀಡಾಕೂಟ, ಮೂಡುಬಿದಿರೆಯಲ್ಲಿ ಧ್ವಜಾರೋಹಣ. ಕಾರ್ಯಕ್ರಮಪತ್ರದಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಹೋಗಿ, ಪೆಂಡಾಲಿನವನು ಇನ್ನೂ ಕುರ್ಚಿ ಇಳಿಸುತ್ತಿರುವುದನ್ನು ನೋಡುತ್ತಾ ನಿಂತಿರುತ್ತಿದ್ದರು. ಗಡಿಯಲ್ಲಿ ಏನಾದರೂ ಗಲಾಟೆಯಾದರೆ ಟಿವಿಯವರು ಕರೆಯುತ್ತಿದ್ದರು. ಕೂಗಾಡುವ ಅಷ್ಟು ಜನರ ನಡುವೆ ಇವರೊಬ್ಬರು ಮೆಲ್ಲಗೆ, ನನಗೆ ತಿಳಿದಿಲ್ಲದ ವಿಷಯವನ್ನು ನಾನು ಹೇಳಲಾರೆ ಎನ್ನುತ್ತಿದ್ದರು. ಅದು ಜನರಿಗೆ ಹೊಸದಾಗಿ ಕಂಡಿತು. ಹೆಸರು ಬಂತು. ಹೆಸರು ಬಂದ ಮೇಲೆ ಪಕ್ಷದವರು ಬಂದರು.

ಬಂದವರಲ್ಲಿ ಮುಖ್ಯರು ನಮ್ಮ ಕಡೆಯ ಒಬ್ಬ ಮುಖಂಡರು. ಬಂಟ್ವಾಳದ ಹತ್ತಿರ ಅವರದೊಂದು ಮದುವೆ ಹಾಲ್ ಇತ್ತು, ನಮ್ಮ ಮನೆಯಲ್ಲಿ ಅವರು ಹಾಲ್‌ನವರು. ಯಾರ ಮನೆಯಲ್ಲಿ ಎಷ್ಟು ವೋಟು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎನ್ನುವುದೆಲ್ಲ ಅವರಿಗೆ ಊಟದ ಪಂಕ್ತಿ ನೋಡಿಯೇ ಗೊತ್ತಾಗುತ್ತಿತ್ತು. ಟಿಕೆಟು ಖಾತ್ರಿ ಎಂದರು. ಮಾವ ಅಕ್ಕನನ್ನು ಕೇಳದೆ ಉತ್ತರ ಹೇಳಲಿಲ್ಲ. ಅಮ್ಮ ಬಾಗಿಲ ಬಳಿಯಲ್ಲೇ ನಿಂತು ಕೇಳಿಸಿಕೊಂಡಿದ್ದಳು.

"ವೋಟಿಗೆ ನಿಲ್ಲು, ಬೇಡ ಅಂತ ನಾನು ಹೇಳುವುದಿಲ್ಲ" ಎಂದಳು. "ಪಟ್ಟದಿಂದ ಇಳಿದು ನಿಲ್ಲಬೇಡ. ಅಷ್ಟೇ."

"ಎರಡೂ ಆಗ್ತದೆ ಅಕ್ಕ" ಎಂದರು ಮಾವ. ಅವರಿಗೆ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಗೆಲ್ಲಬೇಕೆಂಬ ಆಸೆಯೂ ಇತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಸುಮ್ಮನೆ ಕೂತು ಅಭ್ಯಾಸವಿಲ್ಲ, ಏನಾದರೂ ಕೆಲಸ ಬೇಕು ಎಂದು ನನ್ನೊಡನೆ ಹೇಳಿದ್ದರು.

ಹಾಲ್‌ನವರು ಮೊದಲ ದಿನವೇ ಪ್ರಚಾರದ ಪಾಠ ಹೇಳಿಕೊಟ್ಟರು. ಮಾವ ಕ್ಷೇತ್ರದ ನಕ್ಷೆ ಹರಡಿ, ಬಣ್ಣದ ಪೆನ್ಸಿಲು ಹಿಡಿದು ಕೂತಿದ್ದರು.

"ನಕ್ಷೆ ಇರಲಿ ಸರ್, ಚಂದ ಉಂಟು" ಎಂದರು ಹಾಲ್‌ನವರು. "ಆದ್ರೆ ಇಲ್ಲಿ ಎಲೆಕ್ಷನ್ ನಡೆಯುವುದು ಮನೆ ಅಂಗಳದಲ್ಲಿ. ಮದುವೆಗೆ ಹೋಗಬೇಕು, ಗೃಹಪ್ರವೇಶಕ್ಕೆ ಹೋಗಬೇಕು. ಎಲ್ಲದಕ್ಕಿಂತ ಮೊದಲು ಸಾವಿಗೆ ಹೋಗಬೇಕು. ಮದುವೆಗೆ ಬಾರದಿದ್ರೆ ಜನ ಎರಡು ದಿನದಲ್ಲಿ ಮರೀತಾರೆ. ಸಾವಿಗೆ ಬಾರದಿದ್ರೆ ಮರೆಯುವುದಿಲ್ಲ."

ಮಾವ ನಕ್ಷೆಯಿಂದ ತಲೆಯೆತ್ತಿದರು. ಹಾಲ್‌ನವರಿಗೂ ಆಗಲೇ ನೆನಪಾಯಿತು, ಅವರೂ ಒಂದು ಗುತ್ತಿನವರೇ. "ಹೌದಲ್ಲಾ ಮಾರಾಯ್ರೆ" ಎಂದು ತಲೆ ಕೆರೆದುಕೊಂಡರು.

ಆಗ ಮೂಲೆಯಲ್ಲಿ ಕೂತಿದ್ದ ಒಬ್ಬರು, "ನಾನು ಹೋಗ್ತೇನೆ ಸಾಬ್" ಎಂದರು. ಕಲ್ಲಡ್ಕದ ಬ್ಯಾರಿ ಕುಟುಂಬದವರು. ಸೈನ್ಯದಲ್ಲಿ ಮಾವನ ಕೈಕೆಳಗೆ ಸುಬೇದಾರರಾಗಿದ್ದು, ನಿವೃತ್ತರಾದ ಮೇಲೆ ಹೆದ್ದಾರಿ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಗಂಡುಮಕ್ಕಳು ಗಲ್ಫಿನಲ್ಲಿದ್ದರು. ಮಾವ ಊರಿಗೆ ಬಂದಂದಿನಿಂದ ಅವರು ವಾರಕ್ಕೊಮ್ಮೆಯಾದರೂ ಬಂದು, ಜಗಲಿಯಲ್ಲಿ ಕೂತು, ಇಬ್ಬರೂ ಹಿಂದಿಯಲ್ಲೂ ತುಳುವಿನಲ್ಲೂ ಬೆರೆಸಿ ಮಾತಾಡಿಕೊಂಡು ಚಹಾ ಕುಡಿದು ಹೋಗುತ್ತಿದ್ದರು. ಮಾವ ಅವರನ್ನು ಸುಬೇದಾರ್ ಸಾಬ್ ಎಂದೇ ಕರೆಯುತ್ತಿದ್ದರು. ಇವರು ಅವರಿಗೆ ಸಾಬ್, ಅವರು ಇವರಿಗೂ ಸಾಬ್. ಯಾರು ದೊಡ್ಡವರು ಎಂದು ಕೇಳಿದವರಿಗೆ ಗೊತ್ತಾಗುತ್ತಿರಲಿಲ್ಲ.

ಸುಬೇದಾರರ ಮಾತಿಗೆ ಹಾಲ್‌ನವರು ನನ್ನ ಮುಖ ನೋಡಿದರು. ಹಿಂದೂಗಳ ಸಾವಿನ ಮನೆಗೆ, ಗುತ್ತಿನ ಯಜಮಾನರ ಪರವಾಗಿ ಬ್ಯಾರಿಯೊಬ್ಬರು ಹೋಗುವುದೇ, ಜನ ಏನೆನ್ನುತ್ತಾರೆ ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. ಮಾವನಿಗೆ ಆ ಪ್ರಶ್ನೆಯೇ ಹೊಳೆದಂತಿರಲಿಲ್ಲ. "ಸರಿ" ಎಂದು ನಕ್ಷೆ ಮಡಚಿದರು.

ನಾನು ಅಂದುಕೊಂಡಂತೆ ಯಾವ ಗಲಾಟೆಯೂ ಆಗಲಿಲ್ಲ. ಸುಬೇದಾರರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಸ್ಕೂಟರಿನಲ್ಲಿ ಹೋಗುತ್ತಿದ್ದರು. ಅಂಗಳದಲ್ಲಿ ಚಪ್ಪಲಿ ಕಳಚಿ, ಕೈಕಟ್ಟಿ ನಿಂತು, "ಸಾಬ್ ಬರುವಂತಿಲ್ಲ, ಪಟ್ಟ ಉಂಟು. ನನ್ನನ್ನು ಕಳಿಸಿದ್ದಾರೆ" ಎನ್ನುತ್ತಿದ್ದರು. ಮತ್ತೇನೂ ಹೇಳುತ್ತಿರಲಿಲ್ಲ. ಹೆಣ ಎತ್ತುವವರೆಗೆ ನಿಂತಿದ್ದು ಬರುತ್ತಿದ್ದರು. ಬೇರೆ ಪಕ್ಷದ ಅಭ್ಯರ್ಥಿಗಳು ಫೋಟೋ ತೆಗೆಸಿಕೊಂಡು ಕಾರು ಹತ್ತುವಾಗ ಇವರು ಮರದ ಕೆಳಗೆ ನಿಂತೇ ಇರುತ್ತಿದ್ದರು. ಬೆಳ್ತಂಗಡಿ ರಸ್ತೆಯ ಒಂದು ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ, ಅವರ ಮಗಳು ಸ್ವತಃ ಹೊರಗೆ ಬಂದು ಸುಬೇದಾರರಿಗೆ ಕುರ್ಚಿ ಹಾಕಿಸಿದಳಂತೆ. ಆಕೆ ನನಗೆ ಪರಿಚಯದವಳು, ಮುಂದೆ ಮೂಡುಬಿದಿರೆಯಲ್ಲಿ ಸಿಕ್ಕಾಗ, "ಯಜಮಾನರು ಬರುವಂತಿಲ್ಲ ಅಂತ ನಮಗೆ ಗೊತ್ತುಂಟು ಅಕ್ಕ. ಅವರು ಕಳಿಸಿದರಲ್ಲ, ಅದೇ ದೊಡ್ಡದು" ಎಂದಳು. ನಮ್ಮ ಊರಿನವರಿಗೆ ಪಕ್ಷದ ಪ್ರಣಾಳಿಕೆ ಅರ್ಥವಾಗದಿರಬಹುದು, ಕಟ್ಟು ಅರ್ಥವಾಗುತ್ತದೆ. ಹಾಲ್‌ನವರ ಮುಖ ದಿನದಿಂದ ದಿನಕ್ಕೆ ಅರಳುತ್ತಿತ್ತು. ಪಟ್ಟದ ಗೌರವವೂ ಉಳಿಯಿತು, ಬಾರದ್ದಕ್ಕೆ ನೆಪವೂ ಸಿಕ್ಕಿತು, ಇದಕ್ಕಿಂತ ಒಳ್ಳೆಯ ಅಭ್ಯರ್ಥಿ ಎಲ್ಲಿ ಸಿಗುತ್ತಾನೆ ಎಂದು ಅವರು ಹಾಲ್‌ನಲ್ಲಿ ಹೇಳಿಕೊಂಡು ತಿರುಗುತ್ತಿದ್ದರು.

ಮಾವನ ಭಾಷಣದ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ನಾನು ಬರೆದುಕೊಟ್ಟದ್ದರಲ್ಲಿ ಅರ್ಧ ಬಿಟ್ಟು, ಕೊನೆಯಲ್ಲಿ ಜೈ ಹಿಂದ್ ಎಂದು ಗುಡುಗುತ್ತಿದ್ದರು. ಜನ ಬೆಚ್ಚಿಬಿದ್ದು ಆಮೇಲೆ ಚಪ್ಪಾಳೆ ತಟ್ಟುತ್ತಿದ್ದರು. ರಸ್ತೆ ಮಾಡಿಸಿಕೊಡ್ತೀರಾ ಎಂದು ಕೇಳಿದರೆ, ನೋಡಿ ಹೇಳುತ್ತೇನೆ ಎನ್ನುತ್ತಿದ್ದರು. ಹಾಲ್‌ನವರು ಹಣೆ ಚಚ್ಚಿಕೊಳ್ಳುತ್ತಿದ್ದರು. ಆದರೂ ಗಾಳಿ ನಮ್ಮ ಕಡೆಗಿತ್ತು. ಅದು ನನಗೂ ಕಾಣುತ್ತಿತ್ತು.

ಮತದಾನಕ್ಕೆ ಇನ್ನೇನು ಕೆಲವೇ ದಿನ ಉಳಿದಿರುವಾಗ ಒಂದು ಬೆಳಿಗ್ಗೆ ನಾವು ಸಭೆಗೆ ಹೊರಡಲು ಜಗಲಿಯಲ್ಲಿ ತಯಾರಾಗುತ್ತಿದ್ದೆವು. ಹಾಲ್‌ನವರಿಗೆ ಫೋನು ಬಂತು. ಕೇಳಿ, ಫೋನು ಕೆಳಗಿಳಿಸಿ, ಮಾವನ ಹತ್ತಿರ ಬಂದು, "ಸರ್, ಸುಬೇದಾರರು ಹೋದರಂತೆ" ಎಂದರು. ಅಂಗಡಿಯ ಶಟರು ಎತ್ತುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಶೂ ಹಾಕಿಕೊಳ್ಳುತ್ತಿದ್ದ ಮಾವ ಒಂದು ಶೂ ಕೈಯಲ್ಲಿ ಹಿಡಿದು ಹಾಗೆಯೇ ಕೂತಿದ್ದರು. ಹಾಲ್‌ನವರೇ ಮಾತು ತೆಗೆದರು. "ಯಾರನ್ನಾದ್ರೂ ಕಳಿಸುವ ಸರ್. ದೊಡ್ಡ ಹಾರ ಕಳಿಸುವ."

"ಯಾರನ್ನು?" ಎಂದರು ಮಾವ.

ಇಷ್ಟು ದಿನ ಹೋಗುತ್ತಿದ್ದವರು ಸುಬೇದಾರರೇ. ಅವರ ಮನೆಗೆ ಕಳಿಸಲು ನಮ್ಮಲ್ಲಿ ಯಾರೂ ಇರಲಿಲ್ಲ.

"ನಾನು ಹೋಗ್ತೇನೆ ಮಾವ" ಎಂದೆ.

"ನೀನೂ ಬಾ" ಎಂದರು ಅವರು, ಇನ್ನೊಂದು ಶೂ ಹಾಕಿಕೊಳ್ಳುತ್ತಾ.

ಹಾಲ್‌ನವರು ಅಡ್ಡ ಬಂದೇ ಬಿಟ್ಟರು. "ಸರ್, ನಾನು ಹೇಳುವುದು ಸ್ವಲ್ಪ ಕೇಳಿ. ಇಷ್ಟರವರೆಗೆ ಯಾರ ಮನೆಗೂ ಹೋಗಲಿಲ್ಲ. ಜನ ಒಪ್ಪಿದ್ದಾರೆ, ಕಟ್ಟು ಅಂತ. ಈಗ ಒಂದು ಮನೆಗೆ ಹೋದ್ರೆ ಉಳಿದ ಮನೆಯವರಿಗೆಲ್ಲ ಎಂತ ಹೇಳುವುದು? ಅದು ಕಟ್ಟಲ್ಲ, ನೆಪ ಅಂತ ಆಗ್ತದೆ ಸರ್. ಎಲೆಕ್ಷನ್ ಇವತ್ತೇ ಮುಗೀತದೆ."

ಮಾವ ಅವರ ಕಡೆ ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ನೋಡಿದರು. ಅಮ್ಮನ ಮುಖ ಕಲ್ಲಾಗಿತ್ತು. ತಮ್ಮ ಅಂಗಳ ದಾಟುವಾಗ ಒಳಗೆ ಹೋಗಿ ಚಾವಡಿಯ ಬಾಗಿಲು ಎಳೆದುಕೊಂಡಳು.

ಕಲ್ಲಡ್ಕದಲ್ಲಿ ಅಂಗಡಿಯ ಹಿಂದೆಯೇ ಅವರ ಮನೆ. ಜನ ತುಂಬಿದ್ದರು. ಮಾವ ಕಾರಿನಿಂದ ಇಳಿದದ್ದನ್ನು ನೋಡಿ ಅಲ್ಲಿದ್ದವರೆಲ್ಲ ದಾರಿ ಬಿಟ್ಟರು. ಅದು ಗೌರವಕ್ಕಿಂತ ಹೆಚ್ಚಾಗಿ ಆಶ್ಚರ್ಯ, ಅವರಿಗೂ ಪಟ್ಟದ ವಿಷಯ ಗೊತ್ತಿತ್ತು. ನಾನು ಹೆಂಗಸರಿದ್ದ ಕೋಣೆಗೆ ಹೋದೆ. ಸುಬೇದಾರರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಸಾಬ್ ಬಂದ್ರಾ? ಅವರೇ ಬಂದ್ರಾ?" ಎಂದು ಮತ್ತೆ ಮತ್ತೆ ಕೇಳಿದರು. ಕಿಟಕಿಯಿಂದ ನನಗೆ ಮಾವನ ಬೆನ್ನು ಕಾಣುತ್ತಿತ್ತು. ಮಂಚದ ಪಕ್ಕದಲ್ಲಿ ಬರಿಗಾಲಲ್ಲಿ, ಕೈಗಳನ್ನು ತೊಡೆಗೆ ಒತ್ತಿ, ಅಲುಗದೆ ನಿಂತಿದ್ದರು. ಮಯ್ಯತ್ತನ್ನು ಹೊತ್ತು ಪಳ್ಳಿಗೆ, ಊರಿನ ಮಸೀದಿಗೆ, ಒಯ್ಯುವಾಗ ಒಂದು ಬದಿಗೆ ಹೆಗಲು ಕೊಟ್ಟರು. ರಸ್ತೆಯ ಎರಡೂ ಕಡೆ ಮೊಬೈಲುಗಳು ಮೇಲೆದ್ದವು.

ದೂರದ ಊರಿನವರು ಆ ಫೋಟೋ ನೋಡಿ ಮೆಚ್ಚಿಕೊಂಡು ಬರೆದರು. ಅವರಿಗೆ ನಮ್ಮಲ್ಲಿ ವೋಟಿರಲಿಲ್ಲ. ಧರ್ಮದ ಮಾತೆತ್ತಿ ಬೈದವರೂ ಇದ್ದರು, ಅವರು ಏನಾದರೂ ನೆಪದಲ್ಲಿ ಹೇಗೂ ಬೈಯುವವರೇ. ಅದು ನಮ್ಮನ್ನು ಸೋಲಿಸಲಿಲ್ಲ. ಸೋಲಿಸಿದ್ದು ಏನೆಂದು ಬೆಳ್ತಂಗಡಿ ರಸ್ತೆಯ ಆ ಮನೆಯ ಮಗಳು ನನಗೆ ಫೋನಿನಲ್ಲಿ ಹೇಳಿದಳು. "ಆಗ ನಮ್ಮಲ್ಲಿಗೆ ಬಾರದ್ದಕ್ಕೆ ಬೇಜಾರು ಇರಲಿಲ್ಲ ಅಕ್ಕ. ಈಗ ಬೇಜಾರು. ಕಟ್ಟು ಮುರೀಲಿಕ್ಕೆ ಆಗ್ತದೆ ಅಂತಾದ್ರೆ ನಮ್ಮ ಅಪ್ಪನಿಗೆ ಯಾಕೆ ಮುರೀಲಿಲ್ಲ?" ಅವಳ ದನಿಯಲ್ಲಿ ಕೋಪವಿರಲಿಲ್ಲ, ಬರೀ ನೋವಿತ್ತು. ನನಗೆ ಉತ್ತರ ಗೊತ್ತಿತ್ತು. ಅದನ್ನು ಅಪ್ಪನನ್ನು ಕಳೆದುಕೊಂಡವಳಿಗೆ ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಸುಬೇದಾರರು ಕೈಕಟ್ಟಿ ನಿಂತು ಬಂದ ಎಷ್ಟು ಅಂಗಳಗಳಿದ್ದವೋ ಅಷ್ಟೂ ಅಂಗಳಗಳಲ್ಲಿ ಇದೇ ಮಾತು ನಡೆದಿರಬೇಕು.

ಮಾವ ಸೋತರು. ಫಲಿತಾಂಶದ ದಿನ ಎಣಿಕೆ ಕೇಂದ್ರದಲ್ಲಿ ಕೊನೆಯವರೆಗೂ ಕೂತಿದ್ದು, ಗೆದ್ದವರ ಕೈ ಕುಲುಕಿ, ಮನೆಗೆ ಬಂದು ಊಟ ಮಾಡಿ ಮಲಗಿದರು. ಹಾಲ್‌ನವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಪಕ್ಷದವರು ಯಾವುದೋ ನಿಗಮದ ಅಧ್ಯಕ್ಷತೆಯ ಮಾತಾಡಿದ್ದರು, ಅದೂ ಗಾಳಿಗೆ ಹೋಯಿತು. ರಾಜಕೀಯದಲ್ಲಿ ಮಾವನ ವೃತ್ತಿಜೀವನ ಅಷ್ಟೇ. ಅವರ ಸೈನ್ಯದ ಟ್ರಂಕಿನ ಮೇಲೆ ಉಳಿದ ಕರಪತ್ರಗಳ ಕಟ್ಟು ಕೂತಿತು.

ಉಳಿದದ್ದು ಪಟ್ಟದ ವಿಷಯ. ಅಮ್ಮ ಆ ದಿನದಿಂದ ತಮ್ಮನೊಡನೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಿರಲಿಲ್ಲ. ಮೈಲಿಗೆ ಕಳೆಯುವ ಶುದ್ಧಕಲಶವಾಗಿತ್ತು, ಆದರೆ ಮಾವ ಪಟ್ಟದಲ್ಲಿ ಉಳಿಯುತ್ತಾರೋ ಇಲ್ಲವೋ ಎಂದು ಹೇಳಬೇಕಾದದ್ದು ದೈವ. ಮಳೆಗಾಲಕ್ಕೆ ಮೊದಲಿನ ಕೊನೆಯ ನೇಮ. ಬೆಳಗಾಗಿ ಬಿಸಿಲು ಬರುತ್ತಿದ್ದ ಹೊತ್ತಿಗೆ ದೈವ ಮಾವನ ಎದುರು ಬಂದು ನಿಂತಿತು. ಅಮ್ಮ ಕಂಬ ಹಿಡಿದು ನಿಂತಿದ್ದಳು. ಕಟ್ಟು ಮೀರಿದ್ದೀಯಾ ಎಂದು ದೈವ ಕೇಳಿತು.

"ಹೌದು. ಮೀರಿದ್ದೇನೆ."

ಇಂಥ ಹೊತ್ತಿನಲ್ಲಿ ತಪ್ಪಾಯಿತು ಎಂದು ಹೇಳಿ ಕೈಮುಗಿಯುವುದು ಪದ್ಧತಿ. ದೈವಕ್ಕೂ ಯಜಮಾನನಿಗೂ ನಡುವೆ ನಿಂತು ಮಾತಾಡುವ ಹಿರಿಯರು ಮಾವನ ಕಿವಿಯಲ್ಲಿ ಅದನ್ನೇ ಪಿಸುಗುಟ್ಟಿದರು. ಮಾವ ಕೈ ಮುಗಿದರು, ಆದರೆ ಆ ಮಾತು ಹೇಳಲಿಲ್ಲ. "ಹೋದದ್ದು ಹೌದು. ತಪ್ಪು ಅಂತ ಹೇಳಲಿಕ್ಕೆ ನನಗೆ ಆಗುವುದಿಲ್ಲ" ಎಂದರು. ಹಿರಿಯರು ಅವರ ಶಾಲು ಹಿಡಿದು ಎಳೆದರು. ನನಗೆ ಮಾತ್ರ ಆ ಕ್ಷಣ ಅವರ ಬಗ್ಗೆ ಹೆಮ್ಮೆಯಾಯಿತು, ಹೇಳಿಬಿಡುತ್ತೇನೆ. ದೈವ ಎರಡು ಹೆಜ್ಜೆ ಹಿಂದೆ ಹೋಗಿ ಮುಂದೆ ಬಂತು. ಇನ್ನು ಮುಂದೆ ಹೇಗೆ ಎಂದು ಕೇಳಿತು.

ಮಾವ ಅಕ್ಕನ ಕಡೆ ತಿರುಗಿ ನೋಡಿದರು. ಅವಳು ಕಂಬವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಇನ್ನು ಮೀರುವುದಿಲ್ಲ. ಯಾರಿಗಾಗಿಯೂ" ಎಂದರು.

ದೈವ ಅಕ್ಕಿಕಾಳು ಹಾಕಿ ಪಟ್ಟ ಉಳಿಸಿತು. ಅಮ್ಮ ಅಂದು ಮಧ್ಯಾಹ್ನ ತಮ್ಮನಿಗೆ ತಾನೇ ಬಡಿಸಿದಳು. ಸ್ವಲ್ಪ ಹಾಕಿಕೋ, ಎಂತ ಇಷ್ಟೇ ಉಣ್ಣುವುದು ಎಂದು ಗದರಿಸಿದ್ದೂ ಕೇಳಿಸಿತು.

ಅದಾಗಿ ಕೆಲವು ಮಳೆಗಾಲ ಕಳೆದವು. ಮಾವ ಮೂಡುಬಿದಿರೆಯ ಮೈದಾನಕ್ಕೆ ಬೆಳಿಗ್ಗೆ ಹೋಗಿ, ಸೈನ್ಯಕ್ಕೆ ಸೇರಬೇಕೆನ್ನುವ ಮಕ್ಕಳನ್ನು ಓಡಿಸಿ, ಬೈದು ಬರುತ್ತಿದ್ದರು. ಕಳೆದ ವರ್ಷ ಅಮ್ಮ ಹಾಸಿಗೆ ಹಿಡಿದಳು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಚಾವಡಿಯ ಪಕ್ಕದ ಕೋಣೆಯಲ್ಲಿ ಮಲಗಿಸಿದೆವು. ನಾನು ರಜೆ ಹಾಕಿ ಬಂದೆ. ಮಾವ ಓಟ, ಮೈದಾನ ಎಲ್ಲ ಬಿಟ್ಟು ಅವಳ ಮಂಚದ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತುಬಿಟ್ಟರು. ಗಂಜಿ ಕುಡಿಸುತ್ತಿದ್ದವರೂ ಅವರೇ. ಅಕ್ಕನೂ ತಮ್ಮನೂ ಬಾಲ್ಯದ ಯಾವುದೋ ಜಗಳ ನೆನೆಸಿಕೊಂಡು ನಗುವುದು ಅಡಿಗೆಮನೆಯವರೆಗೆ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಅವಳ ಉಸಿರು ಬದಲಾಯಿತು. ನನಗೂ ಗೊತ್ತಾಯಿತು, ಮಾವನಿಗಂತೂ ನನಗಿಂತ ಮೊದಲೇ ಗೊತ್ತಾಗಿರಬೇಕು, ಅಂಥದ್ದನ್ನು ಅವರು ಬೇಕಾದಷ್ಟು ನೋಡಿದವರು. ಆದರೂ ಏಳಲಿಲ್ಲ. ಅಮ್ಮ ಕಣ್ಣು ತೆರೆದಳು.

"ಇನ್ನೂ ಕೂತಿದ್ದೀಯಲ್ಲ ಮಾರಾಯ. ಎದ್ದು ಹೋಗು."

"ಇನ್ನೂ ಹೊತ್ತುಂಟು ಅಕ್ಕ."

"ಎಷ್ಟು ಹೊತ್ತುಂಟು ಅಂತ ನನಗೆ ಗೊತ್ತುಂಟು. ಹೋಗು."

ನನಗೆ ತಡೆಯಲಾಗಲಿಲ್ಲ. "ಕೂತುಕೊಳ್ಳಿ ಮಾವ" ಎಂದೆ. "ಸುಬೇದಾರರಿಗೆ ಹೋದವರು ನೀವು. ಒಡಹುಟ್ಟಿದವಳಿಗೆ ಇಲ್ಲವಾ? ಎಂತ ಅಮ್ಮ ನೀನು, ಸಾಯುವಾಗಲೂ ಹಟವಾ?"

ಅಮ್ಮ ನನ್ನ ಕಡೆ ನೋಡಲಿಲ್ಲ. ತಮ್ಮನಿಗೇ ಹೇಳಿದಳು. "ಅಲ್ಲಿಗೆ ನೀನು ಹೋದದ್ದು ಸರಿಯೇ. ಅವರಿಗೆ ಕಳಿಸಲಿಕ್ಕೆ ನಿನಗೆ ಬೇರೆ ಜನ ಇರಲಿಲ್ಲ." ಸ್ವಲ್ಪ ಸುಧಾರಿಸಿಕೊಂಡಳು. "ನನಗೆ ಇವಳಿದ್ದಾಳಲ್ಲ."

ಅಷ್ಟು ವರ್ಷ ಅವಳು ಆ ಮಾತನ್ನು ಹೇಳದೆ ಇಟ್ಟುಕೊಂಡಿದ್ದಳು. ಮಾವ ಎದ್ದರು. ಅವಳ ಪಾದಗಳನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಹಿಂದೆ ನೋಡದೆ ಅಂಗಳ ದಾಟಿ ಹೋದರು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ, "ಹೋದನಾ?" ಎಂದು ಕೇಳಿದಳು. "ಹೋದರು" ಎಂದೆ. ಮತ್ತೆ ಏನೂ ಕೇಳಲಿಲ್ಲ. ನಾನು ಅವಳ ಕಣ್ಣು ಮುಚ್ಚಿಸಿ, ಬಾಯಿಗೆ ನೀರು ಬಿಟ್ಟು, ಪಕ್ಕದ ಮನೆಯವರನ್ನು ಕರೆದೆ. ಅವರೊಡನೆ ಸೇರಿ ಅವಳನ್ನು ಚಾವಡಿಯ ಹೊರಗಿನ ಜಗಲಿಗೆ ತಂದು ಮಲಗಿಸಿದೆ. ಆಮೇಲೆ ಮಾವನಿಗೆ ಹೇಳಲು ಹೊರಟೆ.

ಅವರು ಮುಖ್ಯರಸ್ತೆಯ ಆಚೆ ಬದಿಯ ಬಸ್ ತಂಗುದಾಣದಲ್ಲಿ ಕೂತಿದ್ದರು. ಮೂಡುಬಿದಿರೆಯ ಬಸ್ಸೊಂದು ಅವರಿಗಾಗಿ ನಿಂತು, ಕಂಡಕ್ಟರ್ ಕೂಗಿ ಕರೆದು, ಅವರು ಏಳದ್ದನ್ನು ನೋಡಿ ಹೋಯಿತು. ನನ್ನನ್ನು ಕಂಡು ಎದ್ದು ನಿಂತರು. ನಾನು ಹೇಳಬೇಕಾಗಲಿಲ್ಲ.

"ಏನಾದರೂ ಹೇಳಿದಳಾ?" ಎಂದು ಕೇಳಿದರು.

"ನೀವು ಹೋದಿರಾ ಅಂತ ಕೇಳಿದಳು."

"ನೀನು ಎಂತ ಹೇಳಿದೆ?"

"ಹೋದರು ಅಂತ ಹೇಳಿದೆ."

ಅವರು ಸರಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಕೂತು, ಬಿಳಿ ಶಾಲನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಅಷ್ಟು ದೊಡ್ಡ ಗಂಡಸು ಹಾಗೆ ದನಿ ತೆಗೆದು ಅಳುವುದನ್ನು ನಾನು ನೋಡಿರಲಿಲ್ಲ. ಹತ್ತಿರ ಹೋಗಿ ಅವರ ಬೆನ್ನ ಮೇಲೆ ಕೈಯಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ನನ್ನ ಕೈ ಅಮ್ಮನನ್ನು ಮುಟ್ಟಿ ಬಂದ ಕೈ. ನಾನು ರಸ್ತೆಯ ಈಚೆ ಬದಿಯಲ್ಲೇ, ಅವರ ಅಳು ನಿಲ್ಲುವವರೆಗೆ ನಿಂತಿದ್ದೆ.